ಮಾವ ಹೇಳಿದ ‘ಅಲ್’

ಮಾವನ ಅಂಗೈಗಳು ವರ್ಷದ ಅರ್ಧ ಕಾಲ ಕಪ್ಪಗೇ ಇರುತ್ತಿದ್ದವು. ಹಸಿ ಹೊಗೆಸೊಪ್ಪು ಮುರಿದವರ ಕೈಗೆ ಅಂಟು ಹತ್ತಿ ಕಪ್ಪಾಗುವುದು ನಮ್ಮ ಹುಣಸೂರು ಸೀಮೆಯಲ್ಲಿ ಹೊಸದೇನಲ್ಲ. ಬೇರೆಯವರು ಸಂಜೆ ಮಣ್ಣು, ಸೀಗೆಪುಡಿ, ಸೋಪು ಎಲ್ಲ ಹಾಕಿ ತಿಕ್ಕಿ ತೊಳೆದುಕೊಳ್ಳುತ್ತಿದ್ದರು. ಮಾವ ತೊಳೆಯಲು ಬಿಡುತ್ತಿರಲಿಲ್ಲ. ಆ ಕೈಗಳನ್ನು ಮುಖದ ಮುಂದೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು, ಎದುರು ಸಿಕ್ಕಿದವರಿಗೆಲ್ಲ ತೋರಿಸುತ್ತಿದ್ದ. ನೋಡಿದವರು ‘ಭಾರಿ ಗೇದಿದ್ದೀಯ ಕಣ ಮಾವ’ ಅನ್ನಬೇಕು. ಅನ್ನುವವರೆಗೂ ದಾರಿ ಬಿಡುತ್ತಿರಲಿಲ್ಲ.

ಅವನು ನನ್ನ ಅವ್ವನ ತಮ್ಮ. ಸೋದರಮಾವನನ್ನು ‘ಅವರು’ ಎಂದು ಬರೆಯಬೇಕು ಅಂತ ನನಗೂ ಗೊತ್ತು, ಆದರೆ ಬರೆದರೆ ಯಾರೋ ಬೇರೆಯವರ ಬಗ್ಗೆ ಬರೆದ ಹಾಗಾಗುತ್ತದೆ. ಅವನ ಮೈ ಬೆಳೆಯಿತು, ಬುದ್ಧಿ ಚಿಕ್ಕದಾಗಿಯೇ ಉಳಿಯಿತು. ಹೆಸರೊಂದು ಇತ್ತು. ಅದನ್ನು ಬಳಸಿದವರು ಯಾರೂ ಇಲ್ಲ. ಸರಗೂರಿನ ಕಡೆಯ ಅಜ್ಜಿ ತೀರಿಕೊಂಡ ಮೇಲೆ ಅವ್ವ ಅವನನ್ನು ಬಸ್ಸು ಹತ್ತಿಸಿಕೊಂಡು ನಮ್ಮೂರಿಗೆ ಕರೆತಂದಳು. ನಾವು ಮಕ್ಕಳು ಮಾವ ಎಂದು ಕರೆದೆವು. ನಮ್ಮನ್ನು ಕೇಳಿ ಪಕ್ಕದ ಮನೆಯವರು ಕರೆದರು, ಆಮೇಲೆ ಶಾಲೆಯ ಮೇಷ್ಟ್ರು, ಹಾಲಿನ ಡೇರಿಯವರು, ಕೊನೆಗೆ ನಮ್ಮಪ್ಪ. ಸ್ವಂತ ಬಾಮೈದನನ್ನು ಮಾವ ಅಂತ ಕರೆಯುವ ಗಂಡಸು ನಾಲ್ಕೂರಲ್ಲಿ ನಮ್ಮಪ್ಪ ಒಬ್ಬನೇ ಇರಬೇಕು.

ಮನೆಗೆ ಬಂದವರ ಒಂದು ಕಾಲಿನ ಚಪ್ಪಲಿ ಬಚ್ಚಿಡುವುದು ಅವನ ಚಟ. ಎಲ್ಲರದ್ದೂ ಅಲ್ಲ, ಅವನಿಗೆ ಇಷ್ಟವಾದವರದ್ದು ಮಾತ್ರ. ಒಂದೇ ಚಪ್ಪಲಿಯಲ್ಲಿ ಯಾರೂ ಹೊರಡುವುದಿಲ್ಲ, ಹೊರಡದಿದ್ದರೆ ಇನ್ನೊಂದು ಊಟಕ್ಕೆ ಇರುತ್ತಾರೆ ಎಂಬುದು ಅವನ ತರ್ಕ. ಕೆ.ಆರ್. ನಗರದಿಂದ ನನ್ನನ್ನು ನೋಡಲು ಬಂದವರು ಎದ್ದು ಹೊರಗೆ ಬಂದಾಗ ಜಗುಲಿಯ ಕೆಳಗೆ ಎಲ್ಲ ಚಪ್ಪಲಿಗಳೂ ಜೋಡಿಯಾಗಿದ್ದವು, ಗಂಡಿನದ್ದೊಂದು ಬಿಟ್ಟು. ಹುಡುಗನ ಅಪ್ಪ ಮುಖ ಗಂಟಿಕ್ಕಿದರು. ನಮ್ಮಪ್ಪ ನಾಚಿಕೆಯಿಂದ ಹುಲ್ಲಿನ ಮೆದೆಯನ್ನೆಲ್ಲ ಕೆದಕಿದ. ನನಗೆ ಮಾತ್ರ ಒಳಗೇ ನಗು, ಯಾಕೆಂದರೆ ಆ ಮನೆಯವರಲ್ಲಿ ನನಗೂ ಹಿಡಿಸಿದ್ದು ಅವನೊಬ್ಬನೇ. ಚಪ್ಪಲಿ ಒಲೆಯ ಹಿಂದೆ ಸಿಕ್ಕಿತು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಗಂಡ ತನ್ನನ್ನು ಒಪ್ಪಿಕೊಂಡದ್ದು ಮೊದಲು ಮಾವ, ಆಮೇಲೆ ನಾನು ಎಂದು ಹೇಳಿಕೊಂಡು ತಿರುಗುತ್ತಾನೆ.

ಅವನ ಋಣ ನನ್ನ ಮೇಲೆ ಇನ್ನೊಂದು ದೊಡ್ಡದಿದೆ. ಹೈಸ್ಕೂಲಿಗೆ ನಮ್ಮೂರಿಂದ ನಡೆದು ಹೋಗಬೇಕಿತ್ತು. ದಾರಿಯ ಎರಡೂ ಕಡೆ ಆಳೆತ್ತರದ ಹೊಗೆಸೊಪ್ಪು, ನಡುವೆ ಒಂದು ಮನೆಯೂ ಇಲ್ಲ. ನನ್ನ ವಾರಿಗೆಯ ಹುಡುಗಿಯರನ್ನೆಲ್ಲ ಏಳನೇ ಕ್ಲಾಸಿಗೇ ಬಿಡಿಸಿದರು. ನನ್ನನ್ನೂ ಬಿಡಿಸುವುದೆಂದೇ ಮಾತಾಗಿತ್ತು. ಮಾವ ನನ್ನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದುಬಿಟ್ಟ. ಬೆಳಗ್ಗೆ ಬಿಡುವುದು, ಸಂಜೆ ಶಾಲೆಯ ಗೇಟಿನ ಹತ್ತಿರ ಬಂದು ನಿಲ್ಲುವುದು. ಮಳೆ ಬಂದರೆ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ನನ್ನ ತಲೆಗೆ ಹಾಕಿ ತಾನು ನೆನೆಯುತ್ತಿದ್ದ. ಇವತ್ತು ನಾನು ಹೊಲಿಗೆ ಅಂಗಡಿ ಇಟ್ಟು ನಾಲ್ಕು ಜನರ ಮುಂದೆ ಜೋರಾಗಿ ಮಾತಾಡುತ್ತೇನೆ ಎಂದರೆ ಅದು ಅವನ ಕಾಲಿನ ಪುಣ್ಯ.

ಇನ್ನು ಅವನ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ‘ಹ’ ಅಕ್ಷರ ನಾಲಿಗೆಗೆ ಹತ್ತುವುದಿಲ್ಲ. ಹಾಲು ನಮಗೆ ಆಲು, ಹಸು ಅಸು, ಹಳ್ಳಿ ಅಳ್ಳಿ. ಪದದ ತಲೆಯನ್ನು ನಾವೆಲ್ಲ ಹಾರಿಸುತ್ತೇವೆ, ಮಾವ ಬಾಲವನ್ನೂ ಹಾರಿಸುತ್ತಿದ್ದ. ಉಳಿಯುತ್ತಿದ್ದದ್ದು ನಡುವಿನ ಒಂದು ಚೂರು. ‘ಆ’ ಅಂದರೆ ಹಾಲೂ ಹೌದು, ಹಾವೂ ಹೌದು. ಮಿಕ್ಕ ಮಾತು ಕೈಯಲ್ಲಿರುತ್ತಿತ್ತು. ಬಾಯಿಯ ಹತ್ತಿರ ಕೈ ಹೋದರೆ ಹಾಲು, ತೋಳು ಡೊಂಕಾದರೆ ಹಾವು. ಬೇಡ, ಅಲ್ಲ ಅನ್ನಬೇಕಾದರೆ ಬರೀ ಬಾಯಲ್ಲಿ ಹೇಳಿ ಸುಮ್ಮನಾಗುತ್ತಿರಲಿಲ್ಲ, ತಲೆಯನ್ನು ಈ ಭುಜದಿಂದ ಆ ಭುಜಕ್ಕೆ ಬೀಸುತ್ತಿದ್ದ. ಒಂದು ಸಲ ಕೊಟ್ಟಿಗೆಯಿಂದ ‘ಆ, ಆ’ ಎಂದು ಕೂಗಿಕೊಂಡು ಬಂದವನಿಗೆ ಅವ್ವ ಒಲೆಯ ಮುಂದಿಂದ ತಿರುಗಿಯೂ ನೋಡದೆ ಒಂದು ಲೋಟ ಹಾಲು ಚಾಚಿದಳು. ಅವನು ಲೋಟವನ್ನು ಕಿತ್ತುಕೊಂಡು ಕೊಟ್ಟಿಗೆಗೆ ಓಡಿ ಹಾವಿನ ಮೇಲೆ ಎಸೆದ. ಅವತ್ತಿನಿಂದ ಅವ್ವ ಮನೆಯವರಿಗೆಲ್ಲ ಒಂದು ಕಟ್ಟಪ್ಪಣೆ ಮಾಡಿದಳು.

‘ಅವನ ಬಾಯಿ ಕೇಳಬ್ಯಾಡಿ, ಕೈ ನೋಡಿ.’

ಹೋದ ವರ್ಷ ಸೊಪ್ಪಿನ ಕೆಲಸ ಮುಗಿಯುವ ಹೊತ್ತಿಗೆ ಮಾವ ಮೊಂಡಾಗಿದ್ದಾನೆ ಎಂದು ಅವ್ವ ಫೋನಿನಲ್ಲಿ ಹೇಳತೊಡಗಿದಳು. ಬಿಸಿ ಸಾರು ಬಡಿಸಿದರೆ ತಟ್ಟೆ ತಳ್ಳುತ್ತಾನಂತೆ. ಹಲ್ಲುಜ್ಜಿಸಲು ಹೋದರೆ ಬೆರಳು ಕಚ್ಚಿದನಂತೆ. ಹಾಸಿಗೆ ಬಿಟ್ಟು ಜಗುಲಿಯ ತಣ್ಣನೆಯ ಕಲ್ಲಿಗೆ ಮುಖ ಒತ್ತಿಕೊಂಡು ಮಲಗುತ್ತಾನಂತೆ. ಕೂತಲ್ಲಿ ಕೂತು ತನ್ನ ಕೆನ್ನೆಗೆ ತಾನೇ ಪಟಪಟ ಹೊಡೆದುಕೊಳ್ಳುತ್ತಾನಂತೆ. ಊಟ ಮಾಡುತ್ತಾನಾ ಅಂತ ಕೇಳಿದೆ. ಮುದ್ದೆ ಸಲೀಸಾಗಿ ಇಳಿಯುತ್ತದೆ, ಅದಕ್ಕೇನೂ ಬಂದಿಲ್ಲ ಅಂದಳು.

ನಾವು ಮುದ್ದೆ ಅಗಿಯುವ ಜನ ಅಲ್ಲ. ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ನುಂಗುವುದಷ್ಟೇ. ಅಗಿಯುವವರನ್ನು ಕಂಡರೆ ನಗುತ್ತೇವೆ. ಮುದ್ದೆ ಗಂಟಲಲ್ಲಿ ಇಳಿಯುತ್ತಿದೆ ಅಂದರೆ ಮನುಷ್ಯ ಗಟ್ಟಿಯಾಗಿದ್ದಾನೆ ಎಂದೇ ನಮ್ಮ ಲೆಕ್ಕ. ಸಾರಿನೊಳಗಿನ ಕಾಳನ್ನೆಲ್ಲ ಮಾವ ತಟ್ಟೆಯ ಅಂಚಿಗೆ ಸರಿಸುತ್ತಿದ್ದನಂತೆ. ಅದೂ ಮೊಂಡಿಗೇ ಜಮೆಯಾಯಿತು. ಇಂಥವರಿಗೆ ವಯಸ್ಸಾದ ಹಾಗೆ ಹಟ ಜಾಸ್ತಿ ಎಂದು ಊರಿನವರೂ ಹೇಳಿದರು. ದೃಷ್ಟಿ ತೆಗೆದರು, ಅಂತ್ರ ಕಟ್ಟಿಸಿದರು. ಏನು ಮಾಡಿದರೂ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಕೊನೆಗೆ ಅವ್ವ ಅವನನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು.

ಆ ದಿನ ನಡೆದದ್ದನ್ನು ಅವ್ವ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ ಈಗ ನಾನೇ ಅಲ್ಲಿ ಕೂತು ನೋಡಿದ ಹಾಗಿದೆ. ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಉತ್ತರ ಕರ್ನಾಟಕದ ಕಡೆಯವರು, ಚಿಕ್ಕ ವಯಸ್ಸಿನವರು, ಒಳ್ಳೆಯವರು. ಮಾವನನ್ನು ‘ಬರ್ರಿ, ಕೂಡ್ರಿ’ ಎಂದು ಮಾತಾಡಿಸಿದರಂತೆ. ಹುಟ್ಟಿದಾಗಿನಿಂದ ಅವನಿಗೆ ಯಾರೂ ಬಹುವಚನ ಕೊಟ್ಟಿರಲಿಲ್ಲ. ಏನು ತೊಂದರೆ ಎಂದಾಗ ಅವ್ವ ಮೊಂಡಿನ ಕತೆಯನ್ನೆಲ್ಲ ಹೇಳಿದಳು. ಹೇಳುತ್ತಿರುವಾಗಲೇ ಮಾವನ ಕೈ ಕೆನ್ನೆಯ ಕಡೆ ಎದ್ದಿತು. ಡಾಕ್ಟರ ಮುಂದೆಯೂ ಹೊಡೆದುಕೊಳ್ಳುತ್ತಾನಲ್ಲ ಎಂದು ಅವ್ವನಿಗೆ ಅವಮಾನವಾಯಿತು. ಅವನ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದು ಬಿಗಿಯಾಗಿ ಹಿಡಿದುಕೊಂಡು ಕೂತಳು.

ಡಾಕ್ಟರಮ್ಮ ಅವಸರ ಮಾಡಲಿಲ್ಲ. ಅವ್ವನನ್ನು ಸುಮ್ಮನಿರಲು ಹೇಳಿ ಮಾವನನ್ನೇ ಕೇಳಿದರು. ತಲೆ ನೋವಾ? ಮಾವ ‘ಅಲ್’ ಅಂದ. ಹೊಟ್ಟೆ ನೋವಾ? ‘ಅಲ್.’ ಕಿವಿ ನೋವಾ? ‘ಅಲ್.’ ಎದೆ? ‘ಅಲ್.’

‘ಹಲ್ಲು ನೋವಾ?’

‘ಅಲ್, ಅಲ್, ಅಲ್’ ಎಂದು ಮಾವ ಕುರ್ಚಿಯಿಂದ ಎದ್ದು ನಿಂತನಂತೆ. ಅವ್ವ ಕೈ ಬಿಡದೆ ಅವನನ್ನು ಜಗ್ಗಿ ಕೂರಿಸಿದಳು.

ಡಾಕ್ಟರಮ್ಮ ಟಾರ್ಚ್ ತೆಗೆದರು. ಬಾಯಿ ತೆರೆಸಲು ಹೋಗಬೇಡಿ, ಮೊನ್ನೆ ನನ್ನ ಬೆರಳನ್ನೇ ಕಚ್ಚಿದ್ದಾನೆ ಎಂದು ಅವ್ವ ತಡೆದಳು. ಅವರು ಒಂದು ಗಳಿಗೆ ಯೋಚಿಸಿ ಟಾರ್ಚ್ ಒಳಗಿಟ್ಟರು. ಇವರು ಎಲ್ಲದಕ್ಕೂ ಅಲ್ಲ ಅಂತಾರಲ್ಲಮ್ಮ, ನೋವೇನೂ ಇದ್ದ ಹಾಗಿಲ್ಲ ಎಂದು ನಕ್ಕರು. ಅವ್ವನೂ ನಕ್ಕಳು. ಮನಸ್ಸು ಸಮಾಧಾನವಾಗಲು ಮಾತ್ರೆ ಬರೆದುಕೊಟ್ಟು, ಕಡಿಮೆಯಾಗದಿದ್ದರೆ ಮತ್ತೆ ಬನ್ನಿ ಅಂದರು. ಅವ್ವ ಇದನ್ನು ಅವತ್ತು ಸಂಜೆ ನನಗೆ ಫೋನಿನಲ್ಲಿ ತಮಾಷೆಯಾಗಿಯೇ ಹೇಳಿದ್ದಳು. ಡಾಕ್ಟರಿಗೂ ಅಲ್ಲ ಅಂತಾನೆ ನಿನ್ ಮಾವ ಎಂದು.

ಮಾತ್ರೆ ಕೆಲಸ ಮಾಡಿತು. ಮಾವ ಮಲಗಿದ. ಎದ್ದರೆ ಜೊಲ್ಲು ಸುರಿಸಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದ. ಕೆನ್ನೆಗೆ ಹೊಡೆದುಕೊಳ್ಳುವುದು ನಿಂತಿತು. ಒಳ್ಳೇ ಮಾತ್ರೆ, ಮೊಂಡು ಇಳಿಯಿತು ಎಂದು ಮನೆಮಂದಿಯೆಲ್ಲ ಉಸಿರು ಬಿಟ್ಟರು. ಗದ್ದದ ಕೆಳಗೆ ಊತ ಕಂಡಾಗ ಮಂಗನಬಾವು ಎಂದು ಲೇಪ ಹಚ್ಚಿದರು. ಜೊಲ್ಲು ಜಾಸ್ತಿಯಾದದ್ದು ಮಾತ್ರೆಯಿಂದ ಎಂದುಕೊಂಡರು. ಒಂದು ಮಧ್ಯಾಹ್ನ ಮುದ್ದೆಯ ತುತ್ತು ಗಂಟಲಲ್ಲಿ ಇಳಿಯದೆ ಹೊರಗೆ ಬಂತು. ಅವ್ವ ಹೆದರಿದ್ದು ಆಗ. ಮುದ್ದೆ ಇಳಿಯಲಿಲ್ಲ ಅಂದರೆ ನಮ್ಮಲ್ಲಿ ಅದೇ ಕೊನೆಯ ಮಾತು. ಪಕ್ಕದ ಮನೆಯವರ ಗೂಡ್ಸ್ ಆಟೋದಲ್ಲಿ ಹುಣಸೂರಿಗೆ ಹೊತ್ತುಕೊಂಡು ಹೋದರು. ಅಲ್ಲಿಯ ಡಾಕ್ಟರು ಕುತ್ತಿಗೆ ಮುಟ್ಟಿ ನೋಡಿದವರೇ ಮೈಸೂರಿಗೆ ಕಳಿಸಲು ಆಂಬುಲೆನ್ಸ್ ಕರೆಸಿದರು.

ನಾನು ಅಂಗಡಿಯ ಬಾಗಿಲು ಎಳೆದು ಕೆ.ಆರ್. ನಗರದಿಂದ ಮೈಸೂರಿನ ಬಸ್ಸು ಹತ್ತಿದೆ. ಆಸ್ಪತ್ರೆ ತಲುಪಿದಾಗ ಮಾವನನ್ನು ಒಳಗೆ ತೆಗೆದುಕೊಂಡಿದ್ದರು. ಬಾಗಿಲ ಹೊರಗೆ ಅವ್ವ ನಿಂತೇ ಇದ್ದಳು. ಒಬ್ಬ ಡಾಕ್ಟರು ಹೊರಗೆ ಬಂದು ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದರು. ಕೆಳಗಿನ ದವಡೆ ಹಲ್ಲು ಪೂರಾ ಕೊಳೆತು ಹೋಗಿದೆ, ಅದರ ಕೀವು ಕುತ್ತಿಗೆಗೆ ಇಳಿದು ಉಸಿರಿನ ದಾರಿ ಮುಚ್ಚುತ್ತಿದೆ, ಕುಯ್ದು ತೆಗೆಯುತ್ತಿದ್ದೇವೆ, ಆದರೆ ವಿಷ ರಕ್ತಕ್ಕೆ ಸೇರಿದೆ ಎಂದರು. ನಾನು ನಂಬಲಿಲ್ಲ. ಹಲ್ಲಿನಿಂದ ಯಾರಾದರೂ ಸಾಯುತ್ತಾರಾ? ನಾವೆಲ್ಲ ಹಲ್ಲು ನೋವಿಗೆ ಲವಂಗ ಕಚ್ಚಿಕೊಂಡು ಕೆಲಸಕ್ಕೆ ಹೋಗುವವರು. ಬೇರೆ ಯಾರದ್ದೋ ವಿಷಯ ಹೇಳುತ್ತಿದ್ದಾರೆ ಅನಿಸಿತು.

ಇದು ನಿನ್ನೆ ಮೊನ್ನೆಯದ್ದಲ್ಲ, ತಿಂಗಳುಗಟ್ಟಲೆ ನೋವು ತಿಂದಿದ್ದಾರೆ, ಒಂದು ಸಲವೂ ಹೇಳಲಿಲ್ಲವಾ ಎಂದು ಡಾಕ್ಟರು ಕೇಳಿದರು.

‘ಒಂದಿನಾನೂ ಅಲ್ಲು ನೋವು ಅನ್ನಲಿಲ್ಲ ಸಾಮಿ ಅವ್ನು’ ಅಂದಳು ಅವ್ವ. ‘ಆ ಡಾಕ್ಟ್ರಮ್ಮ ಎಷ್ಟ್ ಕೇಳುದ್ರೂ ಬರೀ ಅಲ್, ಅಲ್...’

ಅಲ್ಲಿಗೆ ಅವಳ ಮಾತು ನಿಂತಿತು. ಬಾಯಿ ತೆರೆದೇ ಇತ್ತು. ತನ್ನ ಬಾಯಿಂದಲೇ ಒಂದರ ಹಿಂದೆ ಒಂದು ಹೊರಬಿದ್ದ ಆ ಎರಡು ಪದಗಳನ್ನು ಅವಳು ಕೇಳಿಸಿಕೊಂಡಿದ್ದಳು. ನಾನೂ ಕೇಳಿಸಿಕೊಂಡಿದ್ದೆ. ಡಾಕ್ಟರಿಗೆ ಏನೂ ಗೊತ್ತಾಗದೆ ನಮ್ಮಿಬ್ಬರ ಮುಖವನ್ನು ಒಮ್ಮೆ ಅವಳದ್ದು ಒಮ್ಮೆ ನನ್ನದು ನೋಡಿದರು. ಅವ್ವ ನಿಧಾನಕ್ಕೆ ‘ಅಲ್’ ಅಂದಳು, ಆಮೇಲೆ ‘ಅಲ್ಲು’ ಅಂದಳು, ಮತ್ತೆ ‘ಅಲ್’ ಅಂದಳು. ಅವಳ ಕೈ ತಾನಾಗಿ ಅವಳ ಕೆನ್ನೆಗೆ ಹೋಯಿತು.

‘ತಲೆ ಆಡಿಸ್ಲಿಲ್ಲ ಕಣೆ ಅವ್ನು’ ಎಂದು ನನ್ನ ಸೆರಗು ಹಿಡಿದುಕೊಂಡಳು. ‘ಅಲ್ಲ ಅನ್ನಂಗಿದ್ರೆ ತಲೆ ಆಡಿಸ್ತಿದ್ದ. ನಾನೇ ಕೈ ಇಡ್ಕಂಡಿದ್ದೆ.’

ಎಲ್ಲ ಪ್ರಶ್ನೆಗೂ ಅವನು ಒಂದೇ ಉತ್ತರ ಕೊಟ್ಟಿದ್ದ, ಅದೂ ಸರಿಯಾದ ಉತ್ತರ. ತಲೆ ನೋವಾ ಅಂದರೆ ಹಲ್ಲು. ಹೊಟ್ಟೆ ನೋವಾ ಅಂದರೆ ಹಲ್ಲು. ಕೊನೆಗೆ ಹಲ್ಲು ನೋವಾ ಎಂದು ಕೇಳಿದಾಗ ಅಂತೂ ಒಬ್ಬರಿಗೆ ತಿಳಿಯಿತು ಎಂದು ಎದ್ದು ನಿಂತಿದ್ದ. ನಾವು ಅವನನ್ನು ಕೂರಿಸಿ ನಿದ್ದೆ ಮಾತ್ರೆ ಕೊಟ್ಟೆವು. ಇದು ನಡೆದು ಇಷ್ಟು ದಿನವಾದರೂ ನನ್ನ ಎದೆಯಲ್ಲಿ ಇದು ಕೂರುವುದಿಲ್ಲ. ಬಟ್ಟೆ ಕತ್ತರಿಸುತ್ತಾ ಕತ್ತರಿಸುತ್ತಾ ನೆನಪಾದರೆ ಕತ್ತರಿ ಕೆಳಗಿಟ್ಟು ಸುಮ್ಮನೆ ನಿಂತುಬಿಡುತ್ತೇನೆ.

ಮಾರನೆಯ ದಿನ ಬೆಳಗ್ಗೆ ಮಾವ ಹೋದ.

ಆಮೇಲೆ ನಾನು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಜಗಳ ಮಾಡಲೆಂದೇ ಹೋದದ್ದು. ಬಾಯಿ ಜೋರು ಎಂದು ಮೊದಲೇ ಹೇಳಿದ್ದೇನಲ್ಲ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಡಾಕ್ಟರಮ್ಮ ನನ್ನನ್ನು ಕೂರಿಸಿ ಪೂರ್ತಿ ಕೇಳಿದರು. ಹಲ್ಲಿಗೆ ನಿಮ್ಮ ಕಡೆ ಏನಂತೀರಿ ಎಂದರು. ಅಲ್ಲು ಅಂದೆ. ಇನ್ನೊಂದು ಸಲ ಹೇಳಿ ಅಂದರು. ಹೇಳಿದೆ. ಹೊರಗೆ ಜನ ಕಾಯುತ್ತಿದ್ದರು, ನರ್ಸಮ್ಮ ಎರಡು ಸಲ ಇಣುಕಿ ಹೋದರು.

‘ನಾ ಸರಿಯಾಗೇ ಕೇಳಿದ್ದೆ’ ಎಂದರು ಕೊನೆಗೆ. ‘ಅವರೂ ಸರಿಯಾಗೇ ಹೇಳಿದ್ದರು.’

ನಾನು ಜೋಡಿಸಿಕೊಂಡು ಹೋಗಿದ್ದ ಮಾತನ್ನೆಲ್ಲ ಹಾಗೇ ವಾಪಸು ಹೊತ್ತು ತಂದೆ. ಈಗ ಅವರು ಮಾವನಂಥವರು ಬಂದರೆ ಎಲ್ಲಿ ನೋವು ಅಂತ ಕೇಳುವುದಿಲ್ಲವಂತೆ, ತೋರಿಸಿ ಅನ್ನುತ್ತಾರಂತೆ. ಜೊತೆಗೆ ಬಂದವರನ್ನು ದೂರದ ಬೆಂಚಿನಲ್ಲಿ ಕೂರಿಸುತ್ತಾರೆ. ಬಾಯಿ, ಕಿವಿ, ಅಂಗಾಲು ನೋಡದೆ ಕಳಿಸುವುದಿಲ್ಲ, ಕಚ್ಚಿದರೂ ಸರಿ. ಆರೋಗ್ಯ ಕೇಂದ್ರಕ್ಕೆ ಕರೆತರದ ಇಂಥವರು ಯಾವ ಯಾವ ಮನೆಯಲ್ಲಿದ್ದಾರೆ ಎಂದು ಆಶಾ ಕಾರ್ಯಕರ್ತೆಯರನ್ನು ಕೇಳಿಕೊಂಡು ತಾವೇ ಹೋಗುತ್ತಾರೆ ಎಂದೂ ಕೇಳಿದ್ದೇನೆ. ಒಳ್ಳೆಯದೇ. ಆದರೆ ಅದರಿಂದ ನನಗೆ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಅದೆಲ್ಲ ಮಾವ ಹೋಗಿ ತಿಂಗಳಾದ ಮೇಲಿನ ಮಾತು. ಮಾವನನ್ನು ಮೈಸೂರಿನಿಂದ ಮನೆಗೆ ತಂದ ದಿನ ಊರಿಗೆ ಊರೇ ನಮ್ಮ ಅಂಗಳದಲ್ಲಿತ್ತು. ಅವನನ್ನು ಮಾವ ಎನ್ನುತ್ತಿದ್ದ ಅಷ್ಟೂ ಜನ ಬಂದಿದ್ದರು. ಸ್ನಾನ ಮಾಡಿಸಿ, ಕುತ್ತಿಗೆಯ ಬ್ಯಾಂಡೇಜು ಕಾಣದ ಹಾಗೆ ಹೊಸ ಟವೆಲ್ಲು ಸುತ್ತಿ, ಅಂಗಳದ ನಡುವೆ ಕೂರಿಸಿದರು. ಅವ್ವ ಕಂಬಕ್ಕೆ ಒರಗಿ ನಿಂತು ಅವರು ಮಾಡುವುದನ್ನು ನೋಡುತ್ತಿದ್ದಳು.

ಹೊರಡಿಸುವ ಮೊದಲು ನಮ್ಮಲ್ಲಿ ಬಾಯಿಗೆ ಅಕ್ಕಿ ಹಾಕುವ ಶಾಸ್ತ್ರವಿದೆ. ನೆಂಟರು, ಊರಿನವರು ಒಬ್ಬೊಬ್ಬರಾಗಿ ಬಂದು ಹೋದವರ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕಿ ಕೈಮುಗಿಯಬೇಕು. ಮೊರದಲ್ಲಿ ಅಕ್ಕಿ ಬಂತು. ಊರಿನ ಹಿರಿಯರೊಬ್ಬರು ಮೊದಲು ಮುಂದೆ ಬಂದರು. ಎಡಗೈಯ ಎರಡು ಬೆರಳಿಂದ ಮಾವನ ತುಟಿ ಬಿಡಿಸಿದರು. ಅಷ್ಟು ದಿನ ಯಾರೂ ತೆರೆಸಿ ನೋಡದ ಆ ಬಾಯಿ ಅವತ್ತು ಎಲ್ಲರ ಎದುರು ತೆರೆದುಕೊಂಡಿತು. ನಾನು ಮುಖ ತಿರುಗಿಸಿದೆ.

ಅಷ್ಟರಲ್ಲಿ ಅವ್ವ ಜನರನ್ನು ಸರಿಸಿಕೊಂಡು ಬಂದು ತನ್ನ ಅಂಗೈಯನ್ನು ಮಾವನ ಬಾಯಿಗೆ ಅಡ್ಡ ಹಿಡಿದಳು.

‘ಅಕ್ಕಿ ಬ್ಯಾಡ ಕಣ್ರಪ್ಪ’ ಅಂದಳು. ‘ಅವನಿಗೆ ಅಲ್ಲು ನೋವು.’

ಶಾಸ್ತ್ರ ಬಿಡಬಾರದು ಎಂದು ಯಾರಾದರೂ ಹೇಳುತ್ತಾರೇನೋ ಎಂದು ನಾನು ಕಾದೆ. ಆ ಹಿರಿಯರು ಕೈಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ವಾಪಸು ಸುರಿದು, ಹಾಲು ತನ್ನಿ ಅಂದರು. ಒಳಗಿಂದ ಯಾರೋ ಲೋಟದಲ್ಲಿ ಹಾಲು ತಂದರು. ಅವ್ವ ಅದನ್ನು ಇಸಿದುಕೊಂಡು, ಮೊದಲು ತನ್ನ ಮುಂಗೈ ಮೇಲೆ ಎರಡು ಹನಿ ಬಿಟ್ಟು ಬಿಸಿ ಇದೆಯೇ ಎಂದು ನೋಡಿದಳು.